"ಓದ್ಕೋ ಹೋಗು" ಅನ್ನೋದನ್ನ ಬಿಟ್ಟ ಮೇಲೆ

ನಮ್ಮ ಮಾತಲ್ಲೇ ಒಂದು ಎಡವಟ್ಟಿದೆ ನೋಡಿ, "ಓದು" ಅನ್ನೋ ಪದ. ಮಗು ಕಥೆಪುಸ್ತಕ ಹಿಡ್ಕೊಂಡು ಮೂಲೇಲಿ ಮೈಮರೆತು ಕೂತಿರುತ್ತೆ, ಅಮ್ಮ ಬಂದು "ಓದೋದು ಬಿಟ್ಟು ಏನ್ ಮಾಡ್ತಿದೀಯಾ ಅಲ್ಲಿ" ಅಂತಾರೆ. ಓದ್ತಾನೇ ಇದೆ ಪಾಪ, ಆದ್ರೆ ಅದು ಲೆಕ್ಕಕ್ಕಿಲ್ಲ. ದೊಡ್ಡೋರನ್ನ "ಏನ್ ಓದಿದೀರಾ" ಅಂತ ಕೇಳಿದ್ರೆ ಡಿಗ್ರಿ ಹೆಸರು ಹೇಳ್ತಾರೆ, "ಹುಡುಗ ಚೆನ್ನಾಗಿ ಓದ್ತಾನೆ" ಅಂದ್ರೆ ಮಾರ್ಕ್ಸ್ ಚೆನ್ನಾಗಿ ತೆಗೀತಾನೆ ಅಂತ ಅರ್ಥ, "ಓದ್ಕೋ ಹೋಗು" ಅಂದ್ರೆ ಆಟ ಸಾಕು ಅಂತ. ಬೈಗುಳದ ಜೊತೆಗೇ ಬೆಳೆದ ಪದ ಇದು. ಇದೇ ಪದ ಹಿಡ್ಕೊಂಡು ಹೋಗಿ "ಖುಷಿಗೆ ಓದಪ್ಪಾ" ಅಂದ್ರೆ ಯಾವ ಮಗು ನಂಬುತ್ತೆ ಹೇಳಿ.

ನಾನು ಒಂದು ಶಾಲೆಯ ಲೈಬ್ರರಿ ನೋಡ್ಕೊಳ್ಳೋಕೆ ಶುರು ಮಾಡಿ 11 ವರ್ಷ ಆಯ್ತು, ಈ ಸಣ್ಣ ವಿಷಯ ತಲೆಗೆ ಹೋಗೋಕೆ ಅದ್ರಲ್ಲಿ 3 ವರ್ಷ ಹಿಡೀತು. ಆ 3 ವರ್ಷದಲ್ಲಿ ನಾನು ಮಾಡಿದ್ದನ್ನ ಮೊದ್ಲು ಹೇಳ್ಬಿಡ್ತೀನಿ, ಯಾಕಂದ್ರೆ ಈಗಲೂ ಹೊಸದಾಗಿ ಸೇರಿದ ಪ್ರತಿಯೊಬ್ರೂ ಮೊದಲು ಮಾಡೋದು ಅದನ್ನೇ.

ಗೋಡೆಗೆ ಒಂದು ದೊಡ್ಡ ಚಾರ್ಟ್ ಅಂಟಿಸಿದೆ. ಎಲ್ಲಾ ಮಕ್ಕಳ ಹೆಸರು, ಒಂದು ಪುಸ್ತಕ ಮುಗಿಸಿದ್ರೆ ಒಂದು ಸ್ಟಾರ್, 20 ಸ್ಟಾರ್ ಆದ್ರೆ ಅಸೆಂಬ್ಲೀಲಿ ಸರ್ಟಿಫಿಕೇಟು. ವಾಪಸ್ ಕೊಡುವಾಗ ಅರ್ಧ ಪುಟ ಸಾರಾಂಶ ಬರ್ಕೊಂಡು ಬರ್ಬೇಕು. ಮೊದಲ ತಿಂಗಳು ನನಗೆ ನೆಲದ ಮೇಲೆ ಕಾಲೇ ನಿಲ್ತಿರಲಿಲ್ಲ, ಬಾಗಿಲಲ್ಲಿ ಕ್ಯೂ, ರಿಜಿಸ್ಟರ್ ತುಂಬಿ ಹೊಸದು ತಗೋಬೇಕಾಯ್ತು. ಆಮೇಲೆ ನೋಡ್ತೀನಿ, ಶೆಲ್ಫಲ್ಲಿ ತೆಳ್ಳಗಿರೋ ಪುಸ್ತಕಗಳು ಮಾತ್ರ ಖಾಲಿ. ಬೆಳಿಗ್ಗೆ 3 ತಗೊಂಡು ಮಧ್ಯಾಹ್ನದ ಬೆಲ್ಲಿಗೆ 3ನ್ನೂ ವಾಪಸ್ ತರೋರು, ಸಾರಾಂಶ ಅಂತ ಹಿಂದಿನ ರಟ್ಟಿನ ಮೇಲಿರೋದನ್ನೇ ಇಳಿಸ್ಕೊಂಡು ಬರೋರು, ಒಬ್ಬ ಬರೆದಿದ್ದನ್ನ ನಾಲ್ಕು ಜನ ಕಾಪಿ ಮಾಡೋರು. ಇದೆಲ್ಲಾ ಇರ್ಲಿ, ಮಕ್ಕಳು ಅಂದ್ಮೇಲೆ ಅಷ್ಟು ಚಾಲಾಕಿತನ ಇರ್ಬೇಕು.

ನನ್ನನ್ನ ಅಲ್ಲಾಡಿಸಿದ್ದು ಒಬ್ಬಳು ಹುಡುಗಿ. ಜಾಸ್ತಿ ಮಾತಾಡದ ಮಗು, ಒಂದು ದಪ್ಪ ಕಾದಂಬರಿ ತಗೊಂಡು ಹೋಗಿ ತಿಂಗಳುಗಟ್ಟಲೆ ನಿಧಾನಕ್ಕೆ ಓದ್ತಿದ್ಲು, ದಿನಾ ಬಂದು ಅದೇ ಕಿಟಕಿ ಪಕ್ಕ ಕೂರೋಳು. ಚಾರ್ಟಲ್ಲಿ ಅವಳ ಹೆಸರಿನ ಮುಂದೆ ಏನೂ ಇಲ್ಲ. ಒಂದಿನ ಬಂದ್ಲು, ಚಾರ್ಟ್ ಮುಂದೆ ಸ್ವಲ್ಪ ಹೊತ್ತು ನಿಂತ್ಲು, ಕೈಯಲ್ಲಿದ್ದ ದಪ್ಪ ಪುಸ್ತಕವನ್ನ ಅದರ ಜಾಗಕ್ಕೆ ವಾಪಸ್ ಇಟ್ಟು 16 ಪುಟದ ಚಿತ್ರದ ಪುಸ್ತಕ ಎತ್ಕೊಂಡು ನನ್ನ ಟೇಬಲ್ಲಿಗೆ ಬಂದ್ಲು. ನಾನು ಸೀಲ್ ಒತ್ತಿ ಕೊಟ್ಟೆ. ಆವತ್ತು ಸಂಜೆ ಆ ದಪ್ಪ ಪುಸ್ತಕ ತೆಗೆದು ನೋಡಿದೆ, ಮುಕ್ಕಾಲು ಭಾಗ ದಾಟಿದ ಜಾಗದಲ್ಲಿ ಒಂದು ಬಸ್ ಟಿಕೆಟ್ ಮಡಚಿ ಗುರುತಿಗೆ ಇಟ್ಟಿದ್ಲು.

ಆಮೇಲೆ ಓದಿ ತಿಳ್ಕೊಂಡಿದ್ದು ಏನಂದ್ರೆ ಬಹುಮಾನದ ಆಸೆ ತೋರಿಸಿದ್ರೆ ಇರೋ ಖುಷಿನೂ ಕಮ್ಮಿ ಆಗುತ್ತಾ ಅನ್ನೋದನ್ನ 1973ರಲ್ಲೇ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂರು ಜನ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದ್ರಂತೆ. ನರ್ಸರಿ ಮಕ್ಕಳು, ಸ್ಕೆಚ್ ಪೆನ್ನಲ್ಲಿ ಚಿತ್ರ ಬಿಡಿಸೋದು ಅಂದ್ರೆ ಪ್ರಾಣ. ಒಂದು ಗುಂಪಿಗೆ ಮೊದ್ಲೇ "ಬಿಡಿಸಿದ್ರೆ ಸರ್ಟಿಫಿಕೇಟ್ ಕೊಡ್ತೀವಿ" ಅಂದ್ರು, ಇನ್ನೊಂದಕ್ಕೆ ಏನೂ ಹೇಳದೆ ಆಮೇಲೆ ಕೊಟ್ರು, ಮೂರನೇದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಸುಮ್ನೆ ಪೆನ್ನು ಇಟ್ಟು ನೋಡಿದ್ರೆ ಮೊದ್ಲೇ ಆಸೆ ತೋರಿಸಿದ್ದ ಗುಂಪು ಬಾಕಿಯೋರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿತ್ತು. ಆ ಸರ್ಟಿಫಿಕೇಟ್ ಮೇಲೂ ಚಿನ್ನದ ಬಣ್ಣದ ಸ್ಟಾರ್ ಇತ್ತಂತೆ. ನನ್ನ ಚಾರ್ಟ್ ನೆನಪಾಗಿ ಒಬ್ಬಳೇ ಕೂತು ನಕ್ಕೆ, ಆದ್ರೆ ನಿಜ ಹೇಳ್ಬೇಕಂದ್ರೆ ನಗೋ ಹಾಗೇನೂ ಇರ್ಲಿಲ್ಲ, ಚಾರ್ಟ್ ತೆಗೆದ ಮೇಲೆ ಎರಡು ತಿಂಗಳು ಲೈಬ್ರರಿ ಭಣಭಣ ಅಂತಿತ್ತು.

ಖಾಲಿ ಇದ್ದಿದ್ದಕ್ಕೆ ಒಂದು ಉಪಯೋಗ ಆಯ್ತು, ಕಪಾಟು ಕ್ಲೀನ್ ಮಾಡಿದೆ. ಯಾರೂ ಮುಟ್ಟದ ಹಳೇ ಗೈಡುಗಳು, ಹುಳ ತಿಂದಿದ್ದು, ಮಕ್ಕಳಿಗೆ ಉಪದೇಶ ಮಾಡೋಕಂತಲೇ ಬರೆದಿದ್ದು, ಎಲ್ಲಾ ಸೇರಿ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು ತೆಗೆದು ಆಚೆ ಹಾಕಿದೆ, ಇಷ್ಟೊಂದು ಪುಸ್ತಕ ಎಸೀತಿದಾಳೆ ಅಂತ ಸ್ಟಾಫ್ ರೂಮಲ್ಲಿ ಮಾತಾಯ್ತು. ಖಾಲಿಯಾದ ಜಾಗದಲ್ಲಿ ಒಳ್ಳೇ ಪುಸ್ತಕಗಳನ್ನ ಬೆನ್ನು ಕಾಣೋ ಹಾಗೆ ಜೋಡಿಸೋ ಬದಲು ಮುಖಪುಟ ಕಾಣೋ ಹಾಗೆ ನಿಲ್ಲಿಸಿದೆ, ಅಷ್ಟೇ. ಪುಸ್ತಕ ಕಮ್ಮಿ ಆಯ್ತು, ತಗೊಂಡು ಹೋಗೋರು ಜಾಸ್ತಿ ಆದ್ರು. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನೋ ಎಸ್. ಆರ್. ರಂಗನಾಥನ್ 1931ರಲ್ಲಿ ಹೇಳಿದ ಐದು ಸೂತ್ರಗಳನ್ನ ಲೈಬ್ರರಿ ಕೋರ್ಸ್ ಮಾಡಿದ ನಾವೆಲ್ಲಾ ಬಾಯಿಪಾಠ ಮಾಡಿರ್ತೀವಿ, ಪುಸ್ತಕ ಇರೋದು ಬಳಸೋಕೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸು, ಗ್ರಂಥಾಲಯ ಬೆಳೆಯೋ ಜೀವ. ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ, ನಾಲ್ಕನೇದು ಅಂದ್ರೆ ಏನು ಅಂತ ಗೊತ್ತಾಗಿದ್ದು ಕೈಗೆ ಧೂಳು ಹತ್ತಿದ ಮೇಲೆ. 8 ವರ್ಷದ ಮಗುಗೆ ನಾವು ಕೊಡೋದೇ 10 ನಿಮಿಷ, ಅದ್ರಲ್ಲಿ 9 ನಿಮಿಷ ಬೇಡದ ಪುಸ್ತಕ ಸರಿಸೋದ್ರಲ್ಲೇ ಹೋದ್ರೆ ಓದೋದ್ಯಾವಾಗ.

ಎರಡನೇದು, ಕೇಳೋದನ್ನ ನಿಲ್ಲಿಸಿದೆ. ಇದು ಕಷ್ಟ ಸ್ವಾಮಿ, ಬಾಯಿ ತಡೆಯಲ್ಲ. ಪುಸ್ತಕ ವಾಪಸ್ ಕೊಟ್ಟ ತಕ್ಷಣ "ಹೇಗಿತ್ತು? ಏನ್ ಕಲಿತೆ? ಯಾವ ಪಾತ್ರ ಇಷ್ಟ ಆಯ್ತು?" ಅಂತ ಬಾಯಿಗೆ ಬಂದೇ ಬರುತ್ತೆ. ನಾವು ಸಿನಿಮಾ ನೋಡಿ ಬಂದಾಗ ಬಾಗಿಲಲ್ಲಿ ಒಬ್ರು ನಿಂತು ನೀತಿ ಏನು ಹೇಳಿ ಅಂತ ಕೇಳಿದ್ರೆ ಮುಂದಿನ ವಾರ ಹೋಗ್ತೀವಾ? ಮಗು ತಾನಾಗೇ ಹೇಳಿದ್ರೆ ಕೇಳಿಸ್ಕೊಳ್ತೀನಿ, ಇಲ್ಲಾಂದ್ರೆ ಸೀಲ್ ಒತ್ತಿ ಸುಮ್ನಿರ್ತೀನಿ. ತಮಾಷೆ ಅಂದ್ರೆ ಕೇಳೋದು ಬಿಟ್ಟ ಮೇಲೆ ಟೇಬಲ್ ಹತ್ರ ಬಂದು ಕಥೆ ಹೇಳೋರು ಜಾಸ್ತಿ ಆಗಿ ನನಗೆ ಕೆಲಸ ಮಾಡೋಕೆ ಬಿಡ್ತಿಲ್ಲ.

ಆಮೇಲೆ ಬುಟ್ಟಿ. ಇದು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಹೊಳೀತು ಅಷ್ಟೇ. ಬಾಗಿಲ ಪಕ್ಕ ಒಂದು ಬಿದಿರು ಬುಟ್ಟಿ ಇಟ್ಟು "ಅರ್ಧಕ್ಕೆ ಬಿಟ್ಟಿದ್ದು" ಅಂತ ಬರೆದೆ. ಬೋರ್ ಆದ್ರೆ, ಭಯ ಆದ್ರೆ, ಅರ್ಥ ಆಗ್ಲಿಲ್ಲ ಅಂದ್ರೆ ಅದ್ರಲ್ಲಿ ಹಾಕಿ ಹೋಗಿ, ಯಾರೂ ಏನೂ ಕೇಳಲ್ಲ, ಇಷ್ಟ ಇದ್ರೆ ಬಿಟ್ಟ ಪುಟದಲ್ಲಿ ಒಂದು ಚೀಟಿ ಇಡಿ ಅಂದೆ. ಮೊದಲ ವಾರ ಬುಟ್ಟಿ ಖಾಲಿ, ನಂಬಿಕೆ ಇರ್ಲಿಲ್ಲ ಅವ್ರಿಗೆ, ಇದೂ ಏನೋ ಪರೀಕ್ಷೆ ಇರ್ಬೇಕು ಅಂತ. ಆಮೇಲೆ ನಾನೇ ನಾನು ಮುಗಿಸೋಕಾಗದೆ ಬಿಟ್ಟ ಒಂದು ದೊಡ್ಡ ಹೆಸರಿನ ಪುಸ್ತಕ ತಂದು ಹಾಕಿ "62ನೇ ಪುಟ. ಮೂರು ಸಲ ನಿದ್ದೆ ಬಂತು" ಅಂತ ಚೀಟಿ ಇಟ್ಟೆ. ಅದನ್ನ ನೋಡಿ ಬಿದ್ದು ಬಿದ್ದು ನಕ್ರು, ಮಾರನೇ ದಿನದಿಂದ ಶುರು. "ತುಂಬಾ ಮರಗಳ ಬಗ್ಗೆನೇ ಹೇಳ್ತಾರೆ." "ಇವನು ಒಳ್ಳೇ ಹುಡುಗ ಅಂತ 9 ಸಲ ಬರೆದಿದ್ದಾರೆ, ಎಣಿಸಿದ್ದೀನಿ." ಒಂದರಲ್ಲಿ "43ನೇ ಪುಟದಲ್ಲಿ ನಾಯಿ ಸತ್ತೋಯ್ತು ನನಗೆ ಬೇಡ" ಅಂತಿತ್ತು, ಆ ಪುಸ್ತಕಕ್ಕೆ ಆಮೇಲೆ ಎಂಥಾ ಬೇಡಿಕೆ ಬಂತು ಅಂದ್ರೆ ನಾಯಿ ಹೇಗೆ ಸತ್ತೋಯ್ತು ಅಂತ ನೋಡೋಕೆ ಅರ್ಧ ಕ್ಲಾಸು ಓದಿತು. ಈಗ ಶೆಲ್ಫಿಗಿಂತ ಮೊದ್ಲು ಬುಟ್ಟಿಗೆ ಕೈ ಹಾಕ್ತಾರೆ. ಅರ್ಧಕ್ಕೆ ಬಿಡೋ ಸ್ವಾತಂತ್ರ್ಯ ಇದ್ರೆ ಮಾತ್ರ ದಪ್ಪ ಪುಸ್ತಕ ಎತ್ಕೊಳ್ಳೋ ಧೈರ್ಯ ಬರೋದು, ಮುಗಿಸ್ಲೇಬೇಕು ಅಂದ್ರೆ ಯಾರೂ ರಿಸ್ಕ್ ತಗೊಳ್ಳಲ್ಲ.

ಓದೋದೇ ಕಷ್ಟ ಆಗೋ ಮಕ್ಕಳ ಕಥೆ ಬೇರೆ, ಅವರಿಗೆ ಬುಟ್ಟಿ ಗಿಟ್ಟಿ ಯಾವುದೂ ಕೆಲಸ ಮಾಡಲ್ಲ. ಒಬ್ಬ ಹುಡುಗ ಯಾವಾಗ್ಲೂ ಕೀಟಗಳ ಚಿತ್ರದ ಒಂದೇ ಪುಸ್ತಕ ತಗೊಳ್ತಿದ್ದ, ಟೀಚರ್ ಒಬ್ರು "ಬರೀ ಚಿತ್ರ ನೋಡ್ತಾನೆ, ಓದಲ್ಲ, ಬೇರೆ ಕೊಡಿ" ಅಂದ್ರು. ಪಕ್ಕ ಕೂತು ನೋಡಿದಾಗ ಗೊತ್ತಾಯ್ತು, ಒತ್ತಕ್ಷರ ಬಂದ ಕಡೆಯೆಲ್ಲಾ ಗಾಡಿ ನಿಲ್ತಿತ್ತು. "ರೆಕ್ಕೆ" ಅನ್ನೋದಕ್ಕೆ "ರೆಕೆ" ಅಂತ ಓದಿ, ಏನೋ ಸರಿ ಇಲ್ಲ ಅಂತ ಅವನಿಗೇ ಅನ್ಸಿ, ವಾಪಸ್ ಹೋಗಿ, ಅಷ್ಟೊತ್ತಿಗೆ ಸಾಲು ತಪ್ಪಿ. ಇಷ್ಟು ಒದ್ದಾಡೋನಿಗೆ ಖುಷಿ ಎಲ್ಲಿಂದ ಬರ್ಬೇಕು. ಪುಸ್ತಕ ಬದಲಾಯಿಸ್ಲಿಲ್ಲ, ಅದನ್ನೇ ನಾನು ಓದಿ ಹೇಳೋಕೆ ಶುರು ಮಾಡಿದೆ, ಬೆರಳು ಸಾಲಿನ ಕೆಳಗೆ ಇಟ್ಕೊಂಡು, ದಿನಾ 10 ನಿಮಿಷ. ಕೆಲವು ತಿಂಗಳಾದ ಮೇಲೆ ನಾನು ಬೇಕಂತಲೇ ಜೀರುಂಡೆ ಅನ್ನೋ ಕಡೆ ಜೇಡ ಅಂತ ಓದಿದೆ, ಅವನು "ಮಿಸ್, ಅದು ಜೇಡ ಅಲ್ಲ" ಅಂತ ಕೈ ತಡೆದ. ಆವತ್ತಿನಿಂದ ಬೆರಳು ಅವನದು. ಅಂದಹಾಗೆ ಕಣ್ಣು ಟೆಸ್ಟ್ ಮಾಡ್ಸಿ, ಡಿಸ್ಲೆಕ್ಸಿಯಾ, ಅಂದ್ರೆ ಬುದ್ಧಿ ಚುರುಕಿದ್ರೂ ಅಕ್ಷರ ಓದೋದು ಕಷ್ಟ ಆಗೋ ತೊಂದರೆ, ಇದೆಯಾ ಅಂತ ತಿಳಿದೋರಿಗೆ ತೋರಿಸಿ, ಸೋಮಾರಿ ಅಂತ ಹಣೆಪಟ್ಟಿ ಹಚ್ಚೋ ಮೊದ್ಲು.

ಗಟ್ಟಿಯಾಗಿ ಓದೋದು ಅಂದಾಗ ಇನ್ನೊಂದು. ಇಡೀ ಕ್ಲಾಸಿಗೆ ಓದಿ ಹೇಳುವಾಗ ಅಧ್ಯಾಯ ಮುಗಿಸ್ಬೇಡಿ. ಬಾಗಿಲು ಕಿರ್ ಅಂತು, ಅವನು ತಿರುಗಿ ನೋಡಿದ, ಅಷ್ಟಕ್ಕೆ ಪುಸ್ತಕ ಮುಚ್ಚಿ ಟೇಬಲ್ ಮೇಲೆ ಮರೆತ ಹಾಗೆ ಬಿಟ್ಟು ಹೋಗ್ಬಿಡಿ. ನಾನು ಐದು ನಿಮಿಷ ಬಿಟ್ಟು ಬಂದ್ರೆ ಪುಸ್ತಕ ಇದ್ದ ಜಾಗದಲ್ಲಿ ಇರಲ್ಲ.

ಇನ್ನು ದೊಡ್ಡೋರು. ನಮ್ಮಲ್ಲಿ ದಿನಾ 15 ನಿಮಿಷ ಎಲ್ರೂ ಸುಮ್ನೆ ಕೂತು ಓದೋ ಪೀರಿಯಡ್ ಮಾಡಿದ್ವಿ. ಇದೇನು ನಮ್ಮ ಐಡಿಯಾ ಅಲ್ಲ, 1960ರ ದಶಕದಲ್ಲೇ ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಲೈಮನ್ ಹಂಟ್ ಅನ್ನೋರು ಮುಂದಿಟ್ಟಿದ್ದು. ಇದ್ರಿಂದ ಓದೋ ಸಾಮರ್ಥ್ಯ ಹೆಚ್ಚುತ್ತೆ ಅನ್ನೋಕೆ ಪುರಾವೆ ಸಾಲದು ಅಂತ 2000ರಲ್ಲಿ ಅಲ್ಲಿನ ನ್ಯಾಷನಲ್ ರೀಡಿಂಗ್ ಪ್ಯಾನೆಲ್ ಅನ್ನೋ ತಜ್ಞರ ಸಮಿತಿ ಹೇಳಿತ್ತು, ಅದೂ ಗೊತ್ತಿರ್ಲಿ. ಕ್ಲಾಸ್ ಕ್ಲಾಸಿಗೂ ಹೋಗಿ ಇಣುಕಿದ್ರೆ ನಮ್ಮಲ್ಲಿ ಯಾಕೆ ನಡೀತಿಲ್ಲ ಅಂತ ತಿಳೀತು, ಮಕ್ಕಳಿಗೆ ಓದಿ ಅಂತ ಹೇಳಿ ಟೀಚರ್‌ಗಳು ನೋಟ್ಸ್ ತಿದ್ತಾ ಕೂತಿದ್ರು. ನಾನೂ ಸಾಚಾ ಅಲ್ಲ, ಫೋನಲ್ಲಿ ಮೆಸೇಜ್ ನೋಡ್ತಿದ್ದೆ, ಒಬ್ಬ ಪುಟಾಣಿ ಬಂದು "ಮಿಸ್ ನೀವು ಯಾವ ಪುಟ?" ಅಂತ ಕೇಳಿದಾಗ ಮುಖ ಎಲ್ಲಿಟ್ಕೊಳ್ಳೋದು ಗೊತ್ತಾಗ್ಲಿಲ್ಲ. ಆಮೇಲೆ ರೂಲ್ ಒಂದೇ, ದೊಡ್ಡೋರೂ ಓದ್ಬೇಕು, ಏನಾದ್ರೂ ಸರಿ. ಪತ್ತೇದಾರಿ, ಹಾಸ್ಯ, ಆತ್ಮಕಥೆ, ಬೇಕಾದ್ರೆ ಮಕ್ಕಳ ಪುಸ್ತಕನೇ.

ಪೋಷಕರ ಮೀಟಿಂಗಲ್ಲಿ ಒಂದು ಸಲ ಲೆಕ್ಕಾಚಾರ ತೋರಿಸೋಕೆ ಹೋಗಿ ಪೆಟ್ಟು ತಿಂದೆ. ಹಲವು ದೇಶಗಳಲ್ಲಿ ಒಟ್ಟಿಗೆ ನಡೆಯೋ ಪೀಸಾ ಅನ್ನೋ ಪರೀಕ್ಷೇಲಿ, 2000ದಲ್ಲಿ, ಓದಿನ ವಿಷಯಕ್ಕೆ 15 ವರ್ಷದ ಮಕ್ಕಳಲ್ಲಿ ಅಪ್ಪ ಅಮ್ಮಂದು ಸಣ್ಣ ಕೆಲಸ ಆದ್ರೂ ತಾವು ಇಷ್ಟಪಟ್ಟು ಓದೋರಿಗೆ ಸರಾಸರಿ 540 ಅಂಕ ಬಂತು, ದೊಡ್ಡ ಕೆಲಸದೋರ ಮಕ್ಕಳಾಗಿ ಓದೋ ಆಸಕ್ತಿ ಇಲ್ಲದೋರಿಗೆ 491, ಇದನ್ನ ಸ್ಲೈಡ್ ಹಾಕಿ ತೋರಿಸಿದೆ. ಅವರಿಗೆ ಕೇಳಿಸಿದ್ದು "ಕಥೆ ಓದಿದ್ರೆ ಮಾರ್ಕ್ಸ್ ಬರುತ್ತೆ" ಅಂತ ಮಾತ್ರ. ಮಾರನೇ ವಾರ ಮಕ್ಕಳು ಬಂದು "ಮನೇಲಿ ದಿನಾ 20 ಪುಟ ಕಡ್ಡಾಯ ಮಾಡಿದಾರೆ ಮಿಸ್" ಅಂತ ಗೋಳು. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ಆ ಸ್ಲೈಡ್ ಮತ್ತೆ ಯಾವತ್ತೂ ತೆಗೀಲಿಲ್ಲ.

ಬದಲಿಗೆ ತಿಂಗಳಿಗೊಂದು ಶನಿವಾರ ಸಂಜೆ ಲೈಬ್ರರಿ ತೆರೆದಿಟ್ಟು ದೊಡ್ಡೋರು ಬನ್ನಿ, ಒಂದು ಗಂಟೆ ಸುಮ್ನೆ ಓದಿ ಹೋಗಿ ಅಂದೆ, ಭಾಷಣ ಇಲ್ಲ, ಚರ್ಚೆ ಇಲ್ಲ, ಫೋನ್ ಮಾತ್ರ ಬಾಗಿಲಲ್ಲಿ. ಮೊದಲ ಸಲ 4 ಜನ, ಅದ್ರಲ್ಲಿ ಒಬ್ರು ಮಗಳನ್ನ ಕರ್ಕೊಂಡು ಹೋಗೋಕೆ ಬಂದು ಸಿಕ್ಕಿಹಾಕ್ಕೊಂಡೋರು. ದೊಡ್ಡೋರದ್ದು ಎರಡೇ ಕಾಯಿಲೆ ಅಂತ ನನ್ನ ಅನುಭವ. ಒಂದು, ಓದೋದಾದ್ರೆ ಘನವಾದ್ದೇ ಓದ್ಬೇಕು, ಟೈಮ್ ವೇಸ್ಟ್ ಆಗ್ಬಾರ್ದು ಅನ್ನೋ ಪಾಪಪ್ರಜ್ಞೆ, ಅದಕ್ಕೆ ಬುಟ್ಟಿನೇ ಔಷಧಿ. ಇನ್ನೊಂದು, "ಪುಸ್ತಕ ಹಿಡಿದ್ರೆ ನಿದ್ದೆ ಬರುತ್ತೆ, ತಲೆನೋವು" ಅಂತಾರೆ. 40 ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗೋದು ಸಹಜ, ಕಣ್ಣಿನ ಮಸೂರ ಮೊದಲಿನ ಹಾಗೆ ಬಾಗಲ್ಲ, ಪುಸ್ತಕ ಕೈ ಚಾಚಿ ದೂರ ಹಿಡೀತಾರೆ ನೋಡಿ, ಅದೇ. ಆಸಕ್ತಿ ಹೋಯ್ತು ಅಂದ್ಕೊಂಡಿರ್ತಾರೆ, ಬೇಕಾಗಿರೋದು ಕನ್ನಡಕ.

ಆ ಸಿಕ್ಕಿಹಾಕ್ಕೊಂಡೋರೂ ಹಾಗೇ, ಪುಸ್ತಕ ಒಂದು ಮೊಳ ದೂರ ಹಿಡ್ಕೊಂಡು ಗಂಟೆ ಪೂರ್ತಿ ಹಣೆ ಗಂಟಿಕ್ಕೊಂಡು ಕೂತಿದ್ದು, ಹೋಗುವಾಗ ಯಾರೂ ನೋಡ್ತಿಲ್ಲ ಅಂದ್ಕೊಂಡು ಬುಟ್ಟಿಗೆ ಹಾಕಿ ಹೋದ್ರು. ನಾನು ಕಣ್ಣು ತೋರಿಸ್ಕೊಳ್ಳಿ ಸಾರ್ ಅಂತಷ್ಟೇ ಹೇಳಿದ್ದೆ. ಮುಂದಿನ ತಿಂಗಳು ಮಗಳ ಕೈಲಿ ಚೀಟಿ ಕಳಿಸಿದ್ರು, "ಕನ್ನಡಕ ಬಂತು. 12ನೇ ಪುಟದಿಂದ ಮತ್ತೆ ಶುರು ಮಾಡ್ತೀನಿ, ಆ ಪುಸ್ತಕ ಬೇರೆಯೋರಿಗೆ ಕೊಡ್ಬೇಡಿ." ಅಷ್ಟೊತ್ತಿಗೆ ಅದನ್ನ ಬುಟ್ಟಿಯಿಂದ ಆರನೇ ಕ್ಲಾಸಿನ ಹುಡುಗ ಒಬ್ಬ ಎತ್ಕೊಂಡು ಹೋಗಾಗಿತ್ತು, ಕೇಳಿದ್ರೆ ಇನ್ನೂ ಮುಗಿದಿಲ್ಲ ಅಂತಾನೆ, ಎರಡು ಸಲ ರಿನ್ಯೂ ಮಾಡಿಸ್ಕೊಂಡಿದಾನೆ, ಆ ಅಪ್ಪ ದಿನಾ ಗೇಟ್ ಹತ್ರ ಸಿಕ್ಕಿದಾಗ "ಬಂತಾ?" ಅಂತ ಕೇಳ್ತಾರೆ.