ಮಾಟುಂಗಾದ ಗುಪ್ತ ಮತ, ಪುಣೆಯಿಂದ ಬಂದ ಬೇರು

"ಹಾಗಾದ್ರೆ ನಾನು ಯಾರಿಗೆ ಓಟು ಹಾಕಿದೆ ಅಂತ ಸೆಕ್ರೆಟರಿಗೆ ಗೊತ್ತಾಗ್ತದಲ್ವಾ?" ಮುಂಬೈಯ ಮಾಟುಂಗಾದಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಸಂಘದ ಹಿರಿಯರೊಬ್ಬರು ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತಲೇ ಕೇಳಿದ್ದರು. ಸಂಘದ ಚುನಾವಣೆಯನ್ನು ಬ್ಲಾಕ್‌ಚೈನಿನಲ್ಲಿ, ಅಂದರೆ ಎಲ್ಲರೂ ಓದಬಹುದಾದ, ಯಾರೂ ತಿದ್ದಲಾಗದ ಹಂಚಿಕೆಯ ದಾಖಲೆ ಪುಸ್ತಕದಲ್ಲಿ, ನಡೆಸುವ ಕೆಲಸ ನನ್ನ ತಲೆಗೆ ಬಿದ್ದಿತ್ತು. "ಇಲ್ಲ, ಫೋನ್ ನಂಬರನ್ನು ಹ್ಯಾಶ್ ಮಾಡಿ ಹಾಕಿದ್ದೇನೆ" ಎಂದು ಜಂಬದಿಂದ ಹೇಳಿ ಮನೆಗೆ ಬಂದೆ.

ರಾತ್ರಿ ನಿದ್ದೆ ಬರಲಿಲ್ಲ. ಹ್ಯಾಶ್ ಎಂದರೆ ಮಾಹಿತಿಯ ಬೆರಳಚ್ಚು: ಅದರಿಂದ ಮೂಲಕ್ಕೆ ಹಿಂದಿರುಗಲಾಗದು, ಆದರೆ ಒಂದೊಂದೇ ನಂಬರನ್ನು ಹ್ಯಾಶ್ ಮಾಡಿ ಹೋಲಿಸಿ ನೋಡಬಹುದು. ನಮ್ಮ ಮೊಬೈಲ್ ನಂಬರಿಗೆ 10 ಅಂಕಿ, ಆರಂಭ 6ರಿಂದ 9. ಒಟ್ಟು 400 ಕೋಟಿ ಸಾಧ್ಯತೆ. ಲ್ಯಾಪ್‌ಟಾಪಿಗೆ ಅದೇನು ಮಹಾ ಲೆಕ್ಕ! ಅಷ್ಟೂ ಬೇಕಿರಲಿಲ್ಲ: ಸಂಘ ಅಚ್ಚು ಹಾಕಿಸುವ ಸದಸ್ಯರ ಕೈಪಿಡಿಯಲ್ಲೇ ಎಲ್ಲರ ನಂಬರಿದೆ. ಹತ್ತು ಸಾಲಿನ ಕೋಡ್ ಬರೆದು ಓಡಿಸಿದೆ. ಎಂಟರ್ ಒತ್ತಿದ ಬೆರಳು ಎತ್ತುವುದರೊಳಗೆ ಪರೀಕ್ಷೆಗೆ ಹಾಕಿದ್ದ ಮತಗಳೆಲ್ಲ ಹೆಸರು ಸಮೇತ ಪರದೆಯ ಮೇಲೆ.

ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ, ಈ ಸಲ ಸೆಮಾಫೋರ್ ಪದ್ಧತಿಯಲ್ಲಿ: ಗುಂಪಿನ ಸದಸ್ಯ ಎಂದು ತೋರಿಸಬಹುದು, ಯಾರೆಂದು ಹೇಳಬೇಕಿಲ್ಲ. ಸದಸ್ಯರ ಫೋನಿನಲ್ಲೇ ಒಂದು ಗುಟ್ಟಿನ ಸಂಖ್ಯೆ ಹುಟ್ಟುತ್ತದೆ. ಅದರ ಹ್ಯಾಶ್ ಮರ್ಕಲ್ ಮರದ (ಹ್ಯಾಶ್‌ಗಳನ್ನು ಜೋಡಿ ಜೋಡಿಯಾಗಿ ಮತ್ತೆ ಹ್ಯಾಶ್ ಮಾಡುತ್ತ ಕೊನೆಗೆ ಒಂದೇ 'ಬೇರಿಗೆ' ತರುವ ರಚನೆ) ಎಲೆಯಾಗುತ್ತದೆ. ಮತ ಹಾಕುವಾಗ 'ಈ ಮರದಲ್ಲಿ ನನ್ನದೂ ಒಂದು ಎಲೆಯಿದೆ' ಎಂಬುದಕ್ಕೆ ಝೀರೋ ನಾಲೆಜ್ ಪುರಾವೆ (ಗುಟ್ಟು ಬಿಟ್ಟುಕೊಡದೆ ಮಾತು ನಿಜವೆಂದು ತೋರಿಸುವ ಪುರಾವೆ) ಹೋಗುತ್ತದೆ, ಯಾವ ಎಲೆ ಎಂಬುದು ಹೋಗುವುದಿಲ್ಲ. ಜೊತೆಗೆ ಗುಟ್ಟಿನಿಂದಲೇ ಹುಟ್ಟುವ, ಆ ಚುನಾವಣೆಗೆ ಬದಲಾಗದ 'ನಲ್ಲಿಫೈಯರ್' ಎಂಬ ಗುರುತು ಹೋಗುತ್ತದೆ; ಎರಡನೇ ಸಲ ಹಾಕಿದರೆ ಅದೇ ಮತ್ತೆ ಬಂದು ಮತ ತಿರಸ್ಕೃತ. ಮರಕ್ಕೆ ಮೊದಲು ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನ ಇಟ್ಟಿದ್ದೆ. ಹಿರಿಯರ ಹಳೆ ಫೋನಿನ ಬ್ರೌಸರ್ ಕೂತಲ್ಲೇ ಪ್ರಾಣ ಬಿಟ್ಟಿತು. ಸರ್ಕ್ಯೂಟಿನಲ್ಲಿ (ಪುರಾವೆಗಾಗಿ ಲೆಕ್ಕವನ್ನು ಸಮೀಕರಣಗಳಾಗಿ ಬಿಡಿಸಿದ ರೂಪದಲ್ಲಿ) ಅದರ ಒಂದೊಂದು ಹ್ಯಾಶಿಗೂ ಇಪ್ಪತ್ತೈದು ಸಾವಿರದಷ್ಟು ಸಮೀಕರಣ ಬೇಕು. ಇಂಥ ಪುರಾವೆಗೆಂದೇ ರೂಪಿಸಿದ ಪೋಸಿಡಾನ್ ಹ್ಯಾಶಿಗೆ ಕೆಲವು ನೂರು ಸಾಕು.

ಗಣಿತ ಗಟ್ಟಿಯಿದ್ದರೂ ಗುಟ್ಟು ಸೋರುವ ಸಂದಿಗಳು ಬೇರೆ. ಸದಸ್ಯರೇ ಗ್ಯಾಸ್ (ಚೈನಿನ ವಹಿವಾಟು ಶುಲ್ಕ) ಕಟ್ಟಿದರೆ ಅವರ ವಾಲೆಟ್ಟೇ, ಅಂದರೆ ಚೈನಿನ ಖಾತೆಯೇ, ಹೆಸರು ಹೇಳುತ್ತದೆ. ಅದಕ್ಕೆ ಮಧ್ಯೆ ಅವರ ಪರವಾಗಿ ಮತ ಕಳಿಸಿ ಶುಲ್ಕ ಕಟ್ಟುವ ರಿಲೇಯರ್ ಇಟ್ಟೆವು. ನೋಂದಾಯಿಸಿದ ಕೂಡಲೇ ಮತ ಹಾಕಿದರೆ ಮರದಲ್ಲಿರುವುದು ನಾಲ್ಕೇ ಎಲೆ, ಅವಿತುಕೊಳ್ಳುವುದು ಎಲ್ಲಿ? ಹಾಗಾಗಿ ವಾರ ಮೊದಲೇ ನೋಂದಣಿ ಮುಚ್ಚಿದೆವು.

ಸ್ಕೇಲಿಂಗ್‌ಗೆ (ಹೆಚ್ಚು ವಹಿವಾಟನ್ನು ಅಗ್ಗದಲ್ಲಿ ನಡೆಸುವುದಕ್ಕೆ) ತಲೆ ಕೆಡಿಸಿಕೊಳ್ಳಲಿಲ್ಲ. 2024ರ ಮಾರ್ಚಿನಲ್ಲಿ ಎಥೀರಿಯಂ ಎಂಬ ಬ್ಲಾಕ್‌ಚೈನಿಗೆ ಬ್ಲಾಬ್ (ಅಗ್ಗದ ತಾತ್ಕಾಲಿಕ ಮಾಹಿತಿ ಜಾಗ) ಬಂದ ಮೇಲೆ ರೋಲಪ್ (ವಹಿವಾಟುಗಳನ್ನು ಹೊರಗೆ ನಡೆಸಿ ಒಟ್ಟಾಗಿ ಎಥೀರಿಯಂಗೆ ಬರೆಯುವ ಚೈನು) ಶುಲ್ಕ ಸಂಘದ ಚಹಾ ಖರ್ಚಿಗಿಂತ ಕಡಿಮೆ. (ನನ್ನ ಪರೀಕ್ಷೆ ಶುರುವಾಗಿದ್ದು ಪಾಲಿಗನ್ ಚೈನಿನ 'ಮುಂಬೈ' ಎಂಬ ಪರೀಕ್ಷಾ ಜಾಲದಲ್ಲಿ. ಏಪ್ರಿಲ್‌ನಲ್ಲಿ ಅದು ಮುಚ್ಚಿತು, ಅದರ ಜಾಗಕ್ಕೆ ಬಂದಿದ್ದ 'ಅಮೋಯ್'ಗೆ ಹೋದೆ. ಮುಂಬೈಯಿಂದ ಗಂಟುಮೂಟೆ ಕಟ್ಟಿದ ಮೊದಲ ಕನ್ನಡಿಗ ನಾನೇನಲ್ಲ.)

ಕಾಡಿದ್ದು ಪುಣೆ. ಅಲ್ಲಿನ ಗೆಳೆಯರ ಸಂಘದ ಪಟ್ಟಿ ಬೇರೆ ಚೈನಿನಲ್ಲಿತ್ತು, ಮತದಾನ ಜಂಟಿ. ಒಂದು ಚೈನಿನಿಂದ ಇನ್ನೊಂದಕ್ಕೆ ದಾಟಿಸುವ ಬ್ರಿಡ್ಜ್ (ಸೇತುವೆ) ಎಂದರೆ ನನಗೆ ಭಯ. 2022ರಲ್ಲಿ ರೋನಿನ್ ಎಂಬ ಚೈನಿನ ಸೇತುವೆಯಲ್ಲಿ ಹಣ ಬಿಡಲು ಸಹಿ ಹಾಕುವ 9 ಕೀಲಿಗಳಲ್ಲಿ 5 ಕಳ್ಳರ ಕೈಸೇರಿ 60 ಕೋಟಿ ಡಾಲರಿಗೂ ಹೆಚ್ಚು ಹೋಯಿತು. ನಾವು ದಾಟಿಸಬೇಕಿದ್ದುದು ಅವರ ಮರದ ಬೇರು, ಬರೀ 32 ಬೈಟು. ಎರಡೂ ಕಡೆಯವರು ಸಹಿ ಹಾಕಿ, ಸಭೆಯಲ್ಲಿ ಓದಿ, ನೋಟಿಸ್ ಬೋರ್ಡಿಗೆ ಅಂಟಿಸುವುದೆಂದಾಯಿತು. ನಾಜೂಕಿಲ್ಲ, ನಡೆಯುತ್ತದೆ.

ಆದರೆ ಪುರಾವೆಗಳೇ ಹೊಂದಲಿಲ್ಲ. ಇಬ್ಬರೂ 'ಪೋಸಿಡಾನ್' ಎನ್ನುತ್ತಿದ್ದೆವು. ನಮ್ಮದು ಬಿಎನ್254 ಎಂಬ ಗಣಿತದ ವಕ್ರರೇಖೆಯ ಮೇಲೆ, ಅವರದು ಬಿಎಲ್‌ಎಸ್12-381 ಎಂಬ ಇನ್ನೊಂದರ ಮೇಲೆ; ವಕ್ರ ಬೇರೆಯಾದರೆ ಹ್ಯಾಶೂ ಬೇರೆ. ಇದು ಹೊಳೆಯಲು ಎರಡು ದಿನ ಹಿಡಿಯಿತು. ಗುಟ್ಟು ಅವರವರ ಫೋನಿನಲ್ಲೇ ಇರುವುದರಿಂದ ಪುಣೆಯವರೆಲ್ಲ ಮತ್ತೆ ನೋಂದಾಯಿಸಬೇಕಾಯಿತು. ಬೈಗುಳ ತಿಂದದ್ದು ನಾನು.

ಮತದಾನದ ದಿನ ಹೋಟೆಲಿಗೆ ಹೋದೆ. ಹಿರಿಯರ ಮುಂದೆ ಮೂರು ಫೋನು: ಒಂದು ಅವರದು, ಇನ್ನೆರಡು ಮನೆಯವರದು. "ಎಲ್ಲ ನಾನೇ ಒತ್ತಿಬಿಟ್ಟೆ ಮಾರಾಯ, ಅವರಿಗೆಲ್ಲಿ ಪುರುಸೊತ್ತು!" ಎಂದು ನಕ್ಕು ಕಾಫಿಗೆ ಹೇಳಿದರು.