ಪದೇ ಪದೇ ಹೊಟ್ಟೆನೋವು, ಕಾರಣ ಗೊತ್ತಿಲ್ಲ, ಕೈಯಲ್ಲಿ ದುಡ್ಡೂ ಇಲ್ಲ: ಏನೇನು ಮಾಡ್ಬೋದು

ಹೊಟ್ಟೆನೋವು ಬರುತ್ತೆ, ಎರಡು ದಿನ ಹಿಂಡುತ್ತೆ, ಹೋಗುತ್ತೆ, ಹತ್ತು ದಿನ ಬಿಟ್ಟು ಮತ್ತೆ ಹಾಜರು. ಡಾಕ್ಟರ್ ಹತ್ರ ಹೋದ್ರೆ ಮಾತ್ರೆ ಕೊಟ್ಟು ಸ್ಕ್ಯಾನಿಂಗು ಎಂಡೋಸ್ಕೋಪಿ ಅಂತ ಚೀಟಿ ಬರೀತಾರೆ, ಆ ಚೀಟಿ ಪರ್ಸಲ್ಲಿ ಮಡಚಿಕೊಂಡು ತಿಂಗಳುಗಟ್ಟಲೆ ಹಂಗೇ ಕೂತಿರುತ್ತೆ, ಯಾಕಂದ್ರೆ ದುಡ್ಡಿಲ್ಲ. ನಾನೂ ಸುಮಾರು ಎರಡು ವರ್ಷ ಹಂಗೇ ಓಡಾಡಿದೀನಿ, ಅದಕ್ಕೇ ಇದನ್ನ ಬರೀತಿರೋದು. ನಾನು ಡಾಕ್ಟರಲ್ಲ, ಇದು ಡಾಕ್ಟರಿಗೆ ಬದಲೂ ಅಲ್ಲ. ಆದ್ರೆ ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ ಡಾಕ್ಟರ್ ಹತ್ರ ಹೋಗೋಕಾಗೋದು ಅನ್ನೋರು ಆ ಒಂದು ಭೇಟಿಗೆ ಮುಂಚೆ ಮನೇಲಿ ಎಷ್ಟು ತಯಾರಿ ಮಾಡ್ಕೊಂಡು ಹೋಗ್ತಾರೋ ಅಷ್ಟು ದುಡ್ಡು ಉಳಿಯುತ್ತೆ, ಇದು ನಾನು ಕಷ್ಟಪಟ್ಟು ಕಲಿತಿದ್ದು.

ದುಡ್ಡಿನ ಲೆಕ್ಕ ಹಾಕ್ದೆ ತಕ್ಷಣ ಆಸ್ಪತ್ರೆಗೆ ಓಡ್ಬೇಕಾದ ನೋವುಗಳಿವೆ, ಮೊದ್ಲು ಅದನ್ನ ಹೇಳ್ಬಿಡ್ತೀನಿ. ಇದ್ದಕ್ಕಿದ್ದಂಗೆ ಶುರುವಾಗಿ ಉಸಿರು ಕಟ್ಟೋಷ್ಟು ಜೋರಾಗಿರೋ ನೋವು, ಮುಟ್ಟಿದ್ರೆ ಹಲಗೆ ಥರ ಗಟ್ಟಿಯಾಗಿರೋ ಹೊಟ್ಟೆ. ರಕ್ತ ವಾಂತಿ, ಅಥವಾ ಕಾಫಿಪುಡಿ ಕದಡಿದಂಗೆ ಕಾಣೋ ವಾಂತಿ. ಟಾರ್ ಥರ ಕಪ್ಪಗೆ ಅಂಟಂಟಾಗಿ ಕೆಟ್ಟ ವಾಸನೆ ಇರೋ ಮೋಷನ್ನು (ಕಬ್ಬಿಣದ ಮಾತ್ರೆ ನುಂಗ್ತಿದ್ರೂ ಮೋಷನ್ ಕಪ್ಪಗಾಗುತ್ತೆ, ಅದು ಬೇರೆ). ವಾಂತಿ ನಿಲ್ತಿಲ್ಲ, ಗ್ಯಾಸೂ ಹೋಗ್ತಿಲ್ಲ ಮೋಷನ್ನೂ ಇಲ್ಲ, ಹೊಟ್ಟೆ ಊದ್ತಾ ಇದೆ ಅಂದ್ರೆ ಕರುಳು ಕಟ್ಕೊಂಡಿರಬಹುದು. ಹೊಕ್ಕುಳ ಸುತ್ತ ಶುರುವಾಗಿ ಕೆಲವು ಗಂಟೇಲಿ ಬಲಗಡೆ ಕೆಳಗಿಳಿದು ಅಲ್ಲೇ ಕೂತ್ಬಿಟ್ರೆ ಅಪೆಂಡಿಕ್ಸ್ ಇರಬಹುದು. ಪೀರಿಯಡ್ಸ್ ತಪ್ಪಿ ಕೆಳಹೊಟ್ಟೆಯ ಒಂದೇ ಪಕ್ಕ ನೋವು, ಜೊತೆಗೆ ತಲೆಸುತ್ತು ಬಂದ್ರೆ ಗರ್ಭ ಗರ್ಭಕೋಶದ ಬದಲು ಅದರ ಪಕ್ಕದ ಟ್ಯೂಬಲ್ಲಿ ಕೂತಿರೋ ಸಾಧ್ಯತೆ ಇರುತ್ತೆ, ಅದು ಒಡೆದ್ರೆ ಜೀವಕ್ಕೇ ಅಪಾಯ. ಹುಡುಗರಿಗೆ ಕೆಳಹೊಟ್ಟೆ ಜೊತೆ ವೃಷಣವೂ ನೋಯ್ತಿದ್ರೆ ಅದು ತಿರುಚಿಕೊಂಡಿರಬಹುದು, ಸುಮಾರು 6 ಗಂಟೆ ಒಳಗೆ ಸರಿ ಮಾಡಿದ್ರೆ ಉಳಿಯೋ ಸಾಧ್ಯತೆ ಜಾಸ್ತಿ, ನಾಚಿಕೆ ಪಟ್ಕೊಂಡು ರಾತ್ರಿಯೆಲ್ಲಾ ಕಾಯೋ ವಿಷಯ ಅಲ್ಲ ಅದು. ಚಳಿಜ್ವರದ ಜೊತೆ ಕಣ್ಣು ಹಳದಿ. ಮೇಲ್ಹೊಟ್ಟೆ ಒತ್ತಿದಂಗಾಗಿ ಬೆವರು, ಏದುಸಿರು, ದವಡೆ ಅಥವಾ ಕೈ ನೋವು ಬಂದ್ರೆ ಅದು ಹೊಟ್ಟೆಯದೇ ಅಲ್ಲ, ಹಾರ್ಟ್ ಅಟ್ಯಾಕ್ ಇರಬಹುದು, ಗ್ಯಾಸ್ಟ್ರಿಕ್ ಅಂದ್ಕೊಂಡು ಸೋಡಾ ಕುಡಿದು ಮಲಗಿದೋರ ಕಥೆ ಎಲ್ರಿಗೂ ಗೊತ್ತು.

ಇಂಥ ಹೊತ್ತಲ್ಲಿ ದುಡ್ಡಿನ ಮಾತು ಆಮೇಲೆ. ಎಷ್ಟೋ ದೇಶಗಳಲ್ಲಿ ಎಮರ್ಜೆನ್ಸಿಗೆ ಬಂದೋರ್ನ ದುಡ್ಡಿಲ್ಲ ಅಂತ ವಾಪಸ್ ಕಳಿಸಬಾರದು ಅಂತ ಕಾನೂನೇ ಇದೆ. ಅಲ್ಲದೆ ತಡ ಮಾಡಿದ್ರೆ ಖರ್ಚು ಕಮ್ಮಿ ಆಗಲ್ಲ, ಒಡೆದ ಅಪೆಂಡಿಕ್ಸ್ ಇಟ್ಕೊಂಡು ಹೋದ್ರೆ ಒಡೆಯದೇ ಇರೋದಕ್ಕಿಂತ ಎಷ್ಟೋ ದಿನ ಜಾಸ್ತಿ ಅಡ್ಮಿಟ್ ಆಗಿರ್ಬೇಕು.

ಇನ್ನೊಂದು ಗುಂಪಿದೆ, ಇವತ್ತೇ ಓಡಬೇಕಿಲ್ಲ ಆದ್ರೆ ತಿಂಗಳುಗಟ್ಟಲೆ ಮುಂದೂಡೋ ಹಾಗೂ ಇಲ್ಲ: ಏನೂ ಪ್ರಯತ್ನ ಪಡದೆ ತೂಕ ಇಳೀತಿರೋದು, ನಿದ್ದೆಯಿಂದ ಎಬ್ಬಿಸೋ ನೋವು, ಮೋಷನ್ ಜೊತೆ ರಕ್ತ, ನುಂಗೋಕೆ ಕಷ್ಟ, ರಕ್ತ ಕಮ್ಮಿಯಾಗಿ ಸುಸ್ತು, ಕೈಗೆ ಸಿಗೋ ಗಂಟು, 50 ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು, ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಇದ್ದಿದ್ದು. ಇದ್ರಲ್ಲಿ ಒಂದಿದ್ರೂ ಕೂಡಿಟ್ಟ ಮೊದಲ ದುಡ್ಡು ಇದಕ್ಕೇ ಹೋಗ್ಲಿ.

ಇವ್ಯಾವೂ ಇಲ್ಲ, ನೋವು ಮಾತ್ರ ಬಂದು ಹೋಗಿ ಮಾಡ್ತಿದೆ ಅನ್ನೋರಿಗೆ ಮೊದಲ ಕೆಲಸ, ಒಂದು ನೋಟ್‌ಬುಕ್ಕು. ನಗಬೇಡಿ, ಇದಕ್ಕಿಂತ ಅಗ್ಗದ ಟೆಸ್ಟ್ ಇಲ್ಲ. ಡಾಕ್ಟರ್ ಕೇಳೋ ಹತ್ತು ಪ್ರಶ್ನೇಲಿ ಎಂಟಕ್ಕೆ ನಾವು "ಹ್ಞೂಂ, ಇರಬಹುದು, ಸರಿಯಾಗಿ ನೆನಪಿಲ್ಲ" ಅಂತೀವಿ, ಆಗ ಅವರು ತಾನೇ ಏನು ಮಾಡ್ತಾರೆ, ಎಲ್ಲಾ ಟೆಸ್ಟೂ ಬರೀತಾರೆ. ನಾಲ್ಕು ವಾರ ಬರೀರಿ ಸಾಕು. ನೋವು ಎಷ್ಟು ಗಂಟೆಗೆ ಶುರು, ಎಷ್ಟು ಹೊತ್ತು, ಎಲ್ಲಿ (ಒಂದೇ ಬೆರಳಲ್ಲಿ ತೋರಿಸೋಕಾಗುತ್ತಾ, ಇಲ್ಲ ಇಡೀ ಅಂಗೈ ಬೇಕಾ), ಬೆನ್ನಿಗೆ ಭುಜಕ್ಕೆ ಹಬ್ಬುತ್ತಾ. ಉರಿನಾ, ಚುಚ್ಚೋದಾ, ಅಲೆ ಅಲೆಯಾಗಿ ನುಲಿಯೋದಾ. ಹಿಂದಿನ ನಾಲ್ಕೈದು ಗಂಟೇಲಿ ಏನು ತಿಂದಿದ್ದು, ಯಾವ ಮಾತ್ರೆ ನುಂಗಿದ್ದು, ನಿದ್ದೆ ಎಷ್ಟು, ಟೆನ್ಷನ್ ಏನಿತ್ತು. ಹೆಣ್ಮಕ್ಕಳು ಪೀರಿಯಡ್ಸ್ ಎಷ್ಟನೇ ದಿನ ಅಂತ ತಪ್ಪದೆ ಬರೀಬೇಕು. ವಾರಕ್ಕೊಂದ್ಸಲ ತೂಕ. ಮೋಷನ್ ಹೆಂಗಿತ್ತು ಅನ್ನೋದಕ್ಕೆ ಬ್ರಿಸ್ಟಲ್ ಚಾರ್ಟ್ ಅಂತ ಒಂದಿದೆ, 1 ಅಂದ್ರೆ ಹಿಕ್ಕೆ ಥರ ಗಟ್ಟಿ ಉಂಡೆ, 4 ಅಂದ್ರೆ ನುಣ್ಣಗೆ ಸರಿಯಾಗಿರೋದು, 7 ಅಂದ್ರೆ ಪೂರ್ತಿ ನೀರು, ದಿನಾ ಆ ನಂಬರ್ ಒಂದು ಬರೆದ್ರೆ ಅಷ್ಟರಲ್ಲೇ ಡಾಕ್ಟರಿಗೆ ಅರ್ಥ ಆಗುತ್ತೆ, ವರ್ಣನೆ ಮಾಡೋ ಮುಜುಗರವೂ ಇಲ್ಲ.

ನಾಲ್ಕು ವಾರ ಆದ್ಮೇಲೆ ಪುಟ ತಿರುವಿ ನೋಡಿದ್ರೆ ಏನೋ ಒಂದು ವರಸೆ ಕಾಣುತ್ತೆ. ಜಿಡ್ಡಿನ ಊಟ ಆದ್ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡ್ಕೊಂಡು ಅರ್ಧ ಗಂಟೆಯಿಂದ ಕೆಲವು ಗಂಟೆ ಇದ್ದು ಬಲ ಭುಜದ ಹಿಂದಕ್ಕೆ ಹೋಗೋದಾದ್ರೆ ಪಿತ್ತಕೋಶದ ಕಲ್ಲಿನ ಅನುಮಾನ. ಬೆನ್ನಿನ ಪಕ್ಕದಿಂದ ತೊಡೆಸಂದಿಗೆ ಇಳಿಯೋ, ಕೂತ್ರೂ ನಿಂತ್ರೂ ಸಮಾಧಾನ ಇಲ್ಲದ ನೋವು ಕಿಡ್ನಿ ಸ್ಟೋನಿಂದಿರಬಹುದು. ಪ್ರತಿ ತಿಂಗಳು ಪೀರಿಯಡ್ಸ್ ಆಸುಪಾಸಲ್ಲೇ ಬಂದು ಕೆಲಸಕ್ಕೂ ಹೋಗೋಕಾಗದಂಗೆ ಮಾಡೋದಾದ್ರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯೋ ಕಾಯಿಲೆ) ಬಗ್ಗೆ ಕೇಳಿ, ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಇರುತ್ತೆ ಅಂತಾರೆ, ಆದ್ರೂ "ಎಲ್ರಿಗೂ ಆಗೋದೇ ಬಿಡು" ಅನ್ನಿಸ್ಕೊಂಡು ವರ್ಷಗಟ್ಟಲೆ ಹಲ್ಲು ಕಚ್ಕೊಂಡಿರ್ತಾರೆ ಪಾಪ. ಮೋಷನ್ ಆಗೋದಕ್ಕೂ ನೋವಿಗೂ ಸಂಬಂಧ ಇದೆ, ಒಂದ್ಸಲ ಗಟ್ಟಿ ಒಂದ್ಸಲ ನೀರು, ಮೂರು ತಿಂಗಳಿಂದ ವಾರಕ್ಕೆ ಒಂದು ದಿನವಾದ್ರೂ ಇರುತ್ತೆ, ಶುರುವಾಗಿ ಆರು ತಿಂಗಳಾಗಿದೆ ಅಂದ್ರೆ ಐಬಿಎಸ್ (ಇರಿಟೇಬಲ್ ಬವೆಲ್ ಸಿಂಡ್ರೋಮ್, ಅಂದ್ರೆ ಟೆಸ್ಟಲ್ಲಿ ಏನೂ ಕಾಣದಿದ್ರೂ ಕರುಳು ಸರಿಯಾಗಿ ಕೆಲಸ ಮಾಡದ ತೊಂದರೆ) ಇರಬಹುದು. ಇದು ನಮ್ಮಂಥೋರಿಗೆ ಒಳ್ಳೆ ಸುದ್ದಿ, ಯಾಕಂದ್ರೆ ಐಬಿಎಸ್‌ನ ಮುಖ್ಯವಾಗಿ ಈ ಲಕ್ಷಣಗಳ ಮೇಲೇ ಗುರುತಿಸ್ತಾರೆ, ಅಪಾಯದ ಚಿಹ್ನೆ ಇಲ್ಲದೋರಿಗೆ ದೊಡ್ಡ ದೊಡ್ಡ ಸ್ಕ್ಯಾನ್ ಬೇಕಾಗೋದು ಕಮ್ಮಿ.

ಇನ್ನೊಂದು ಪುಕ್ಕಟೆ ಪರೀಕ್ಷೆ ಹೇಳ್ತೀನಿ, ಇದು ನನಗೆ ತುಂಬಾ ತಡವಾಗಿ ಗೊತ್ತಾಗಿದ್ದು. ಬೆನ್ನ ಮೇಲೆ ಮಲಗಿ, ನೋವಿರೋ ಜಾಗ ಬೆರಳಲ್ಲಿ ಒತ್ತಿ ಹಿಡಿದು, ಕೈ ಊರದೆ ತಲೆ ಮತ್ತೆ ಭುಜ ಮೇಲೆತ್ತಿ. ಹೊಟ್ಟೆ ಸ್ನಾಯು ಬಿಗಿಯಾದಾಗ ನೋವು ಜಾಸ್ತಿ ಆದ್ರೆ ಅಥವಾ ಅಷ್ಟೇ ಇದ್ರೆ ತೊಂದರೆ ಒಳಗಿನ ಅಂಗದ್ದಲ್ಲ, ಹೊಟ್ಟೆಯ ಗೋಡೆಯದ್ದು, ಅಂದ್ರೆ ಸ್ನಾಯು ಅಥವಾ ಅಲ್ಲಿ ಸಿಕ್ಕಾಕ್ಕೊಂಡಿರೋ ನರದ್ದು ಅನ್ನೋ ಸಾಧ್ಯತೆ ಜಾಸ್ತಿ. ಕಾರ್ನೆಟ್ ಅನ್ನೋ ಸರ್ಜನ್ 1926ರಲ್ಲೇ ಬರೆದಿದ್ದು ಇದನ್ನ. ನರದ ನೋವಾದ್ರೆ ಆ ಜಾಗಕ್ಕೆ ಮರಗಟ್ಟಿಸೋ ಇಂಜೆಕ್ಷನ್ ಒಂದು ಕೊಟ್ಟು ನೋಡ್ತಾರೆ, ಎಷ್ಟೋ ಜನ ಇದು ಗೊತ್ತಿಲ್ದೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿರ್ತಾರೆ. ಹರ್ನಿಯಾನೂ ಹಿಂಗೇ ಅನ್ನಿಸಬಹುದು, ಹಾಗಾಗಿ ಡಾಕ್ಟರ್ ಮುಂದೆ ಒಂದ್ಸಲ ಇದನ್ನೇ ಮಾಡಿ ತೋರಿಸಿ.

ಊಟದಲ್ಲಿ ಪ್ರಯೋಗ ಮಾಡೋರು ಒಂದೇ ತಪ್ಪು ಮಾಡ್ತಾರೆ, ಎಲ್ಲಾ ಒಟ್ಟಿಗೆ ಬಿಟ್ಬಿಡ್ತಾರೆ. ಆಮೇಲೆ ವಾಸಿಯಾದ್ರೂ ಯಾವುದರಿಂದ ಅಂತ ಗೊತ್ತಾಗಲ್ಲ, ಸೊರಗಿ ಹೋಗ್ತಾರೆ ಅಷ್ಟೇ. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ವಾರ, ಆಮೇಲೆ ಅದನ್ನೇ ಮತ್ತೆ ತಿಂದು ನೋಡಬೇಕು, ಮತ್ತೆ ನೋವು ಬಂದ್ರೆ ಮಾತ್ರ ಸಾಕ್ಷಿ. ಹಾಲಿಂದ ಶುರು ಮಾಡಿ, ದೊಡ್ಡೋರಾದ್ಮೇಲೆ ಹಾಲಿನ ಸಕ್ಕರೆ ಸರಿಯಾಗಿ ಅರಗಿಸಿಕೊಳ್ಳಲಾಗದೋರು ಪ್ರಪಂಚದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ. ಆಮೇಲೆ ಈರುಳ್ಳಿ ಬೆಳ್ಳುಳ್ಳಿ, ಕಾಳುಗಳು, ಸಕ್ಕರೆ ಬದಲಿಗೆ ಹಾಕೋ ಸಿಹಿಕಾರಕ ಇರೋ ಚೂಯಿಂಗ್ ಗಮ್ಮು, ಗ್ಯಾಸ್ ತುಂಬಿದ ಪಾನೀಯ, ಮದ್ಯ, ಜಾಸ್ತಿ ಕಾಫಿ. ಗೋಧಿ ಮಾತ್ರ ಅವಸರಕ್ಕೆ ಬಿಡಬೇಡಿ, ಸೀಲಿಯಾಕ್ ಕಾಯಿಲೆ (ಗೋಧಿಯಲ್ಲಿರೋ ಗ್ಲುಟೆನ್ ಆಗದೆ ಕರುಳು ಹಾಳಾಗೋದು) ಇದೆಯಾ ಅಂತ ನೋಡೋ ಬ್ಲಡ್ ಟೆಸ್ಟ್ ಗೋಧಿ ತಿಂತಿರೋವಾಗ ಮಾಡಿದ್ರೆ ಮಾತ್ರ ಸರಿಯಾಗಿ ಬರುತ್ತೆ, ಮೊದ್ಲೇ ಬಿಟ್ಟಿದ್ರೆ ಟೆಸ್ಟ್ ದುಡ್ಡು ದಂಡ.

ಮಲಬದ್ಧತೆ ಬಗ್ಗೆ ಎರಡು ಮಾತು. ದಿನಾ ಹೋಗ್ತೀನಲ್ಲ ನನಗೇನಿಲ್ಲ ಅನ್ನೋರಿಗೂ ಪೂರ್ತಿ ಖಾಲಿಯಾಗದೆ ಕರುಳಲ್ಲಿ ಕೂತಿರಬಹುದು, ನನ್ನ ನೋವಲ್ಲಿ ಅರ್ಧ ಇದೇ ಆಗಿತ್ತು ಅಂತ ಆಮೇಲೆ ಗೊತ್ತಾಯ್ತು, ನಗು ಬರುತ್ತೆ ಈಗ. ಇಸಬ್ಗೋಲ್ ಸ್ವಲ್ಪದಿಂದ ಶುರು ಮಾಡಿ ನಿಧಾನಕ್ಕೆ ಜಾಸ್ತಿ ಮಾಡಿ, ದೊಡ್ಡ ಲೋಟ ನೀರಿನ ಜೊತೆ, ನೀರು ಕಮ್ಮಿಯಾದ್ರೆ ಗಂಟಲಲ್ಲೋ ಕರುಳಲ್ಲೋ ಕಟ್ಕೊಳ್ಳುತ್ತೆ. ಒರಟು ತೌಡು ಐಬಿಎಸ್ ಇರೋರಿಗೆ ಕೆಲವು ಸಲ ನೋವು ಜಾಸ್ತಿ ಮಾಡುತ್ತೆ. ಕಮೋಡ್ ಆದ್ರೆ ಕಾಲ ಕೆಳಗೆ ಒಂದು ಸ್ಟೂಲ್ ಇಟ್ಕೊಂಡು ಮಂಡಿ ಎತ್ತರಕ್ಕೆ ಬರೋ ಹಾಗೆ ಕೂತ್ಕೊಳ್ಳಿ.

ಮಾತ್ರೆಗಳ ವಿಷಯ. ಹೊಟ್ಟೆನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ನುಂಗಿ ಅದರಿಂದಲೇ ಹೊಟ್ಟೆ ಹುಣ್ಣು ಮಾಡ್ಕೊಂಡೋರು ಬೇಕಾದಷ್ಟು ಜನ. ಮಂಡಿನೋವಿಗೆ ತಲೆನೋವಿಗೆ ಅಂತ ದಿನಾ ತಗೊಳ್ತಿದ್ರೂ ನೋಟ್‌ಬುಕ್ಕಲ್ಲಿ ಅದು ಬರಬೇಕು, ಕಾರಣ ಅಲ್ಲೇ ಸಿಗಬಹುದು (ಹಾರ್ಟಿಗೆ ಡಾಕ್ಟರ್ ಬರೆದ ಆಸ್ಪಿರಿನ್ನ ಮಾತ್ರ ಕೇಳದೆ ನಿಲ್ಲಿಸಬೇಡಿ). ನೋವಿಗೆ ಪ್ಯಾರಾಸಿಟಮಾಲ್ ಹೊಟ್ಟೆಗೆ ಅಷ್ಟು ತೊಂದರೆ ಕೊಡಲ್ಲ, ಆದ್ರೆ ಆರೋಗ್ಯವಾಗಿರೋ ದೊಡ್ಡೋರಿಗೂ 24 ಗಂಟೇಲಿ ಒಟ್ಟು 4 ಗ್ರಾಂ ದಾಟೋ ಹಾಗಿಲ್ಲ, ತೂಕ ಕಮ್ಮಿ ಇರೋರು, ಕುಡಿಯೋರು, ಲಿವರ್ ತೊಂದರೆ ಇರೋರಿಗೆ ಇನ್ನೂ ಕಮ್ಮಿ. ನೆಗಡಿ ಮಾತ್ರೇಲೂ ಅದೇ ಪ್ಯಾರಾಸಿಟಮಾಲ್ ಇರುತ್ತೆ ಅನ್ನೋದು ನೆನಪಿರ್ಲಿ. ಹಳೇ ಚೀಟಿ ನೋಡಿ ಆಂಟಿಬಯಾಟಿಕ್ ತಗೊಳ್ಳೋದು ಬೇಡವೇ ಬೇಡ. ಊಟಕ್ಕೂ ನೋವಿಗೂ ಸಂಬಂಧ ಇದ್ದು ಮೇಲ್ಹೊಟ್ಟೆ ಉರಿ ಇರೋರು ಹೊಟ್ಟೆ ಹುಣ್ಣಿಗೆ (ಅಲ್ಸರ್) ಕಾರಣವಾಗೋ ಎಚ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಟೆಸ್ಟ್ ಕೇಳಬಹುದು. ಅಲ್ಸರ್ ಬರೀ ಟೆನ್ಷನ್ನಿಂದ ಖಾರದಿಂದ ಅಂತ ಎಲ್ರೂ ನಂಬಿದ್ದ ಕಾಲದಲ್ಲಿ ಬ್ಯಾರಿ ಮಾರ್ಷಲ್ ಅನ್ನೋ ಡಾಕ್ಟರ್ 1984ರಲ್ಲಿ ಆ ಬ್ಯಾಕ್ಟೀರಿಯಾನ ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದ್ದು, 2005ರಲ್ಲಿ ಅವರಿಗೂ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಇದಕ್ಕೆ ಎಂಡೋಸ್ಕೋಪಿನೇ ಆಗ್ಬೇಕು ಅಂತೇನಿಲ್ಲ, ಮಲ ಪರೀಕ್ಷೆ ಅಥವಾ ಉಸಿರಿನ ಪರೀಕ್ಷೆಯಲ್ಲೂ ಗೊತ್ತಾಗುತ್ತೆ. ಒಮೆಪ್ರಝೋಲ್ ಥರ ಆಸಿಡ್ ಕಮ್ಮಿ ಮಾಡೋ ಮಾತ್ರೆ ತಗೊಳ್ತಿದ್ರೆ ಅದನ್ನ ಟೆಸ್ಟಿಗೆ ಎರಡು ವಾರ ಮುಂಚೆ ನಿಲ್ಲಿಸ್ಬೇಕಾಗುತ್ತೆ, ಇಲ್ಲಾಂದ್ರೆ ಇದ್ರೂ ಇಲ್ಲ ಅಂತ ಬರಬಹುದು, ಹೆಂಗೆ ನಿಲ್ಲಿಸೋದು ಅಂತ ಬರೆದುಕೊಡೋರ ಹತ್ರ ಕೇಳ್ಕೊಳ್ಳಿ.

ನೋವು ಬಂದ ಹೊತ್ತಿಗೆ ಬಿಸಿನೀರಿನ ಬ್ಯಾಗು ಬಟ್ಟೆ ಸುತ್ತಿ ಹದಿನೈದಿಪ್ಪತ್ತು ನಿಮಿಷ, ನೇರ ಚರ್ಮಕ್ಕೆ ಇಟ್ಟು ಸುಟ್ಟುಕೊಳ್ಳಬೇಡಿ. ಒಂದು ಕೈ ಹೊಟ್ಟೆ ಮೇಲಿಟ್ಟು ಆ ಕೈ ಮೇಲೇಳೋ ಹಾಗೆ ನಿಧಾನಕ್ಕೆ ಉಸಿರೆಳೆದು, ಅದಕ್ಕಿಂತ ನಿಧಾನಕ್ಕೆ ಬಿಡೋದು, ಹತ್ತು ನಿಮಿಷ. ಕರುಳಿಗೂ ಮೆದುಳಿಗೂ ನರಗಳ ನೇರ ಸಂಪರ್ಕ ಇದೆ, ಭಯ ಜಾಸ್ತಿಯಾದಷ್ಟು ಅದೇ ಗ್ಯಾಸು ಅದೇ ಹಿಗ್ಗುವಿಕೆ ದೊಡ್ಡ ನೋವಾಗಿ ಕಾಣುತ್ತೆ, ಹಂಗಂತ ನೋವು ಸುಳ್ಳು ಅಂತಲ್ಲ. ಯಾರಾದ್ರೂ "ಎಲ್ಲಾ ನಿನ್ನ ತಲೇಲಿ" ಅಂದ್ರೆ ಸುಮ್ನೆ ಎದ್ದು ಬನ್ನಿ.

ಈಗ ಆ ಒಂದು ಭೇಟಿ. ಎಲ್ಲಿ ಹೋಗೋದು ಅಂದ್ರೆ ಮೊದ್ಲು ಸರ್ಕಾರಿ ಆಸ್ಪತ್ರೆ, ಇಲ್ಲ ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆ, ಇಲ್ಲ ಧರ್ಮಾರ್ಥ ಕ್ಲಿನಿಕ್ಕು. ಕಾಯೋದು ಜಾಸ್ತಿ ನಿಜ, ಆದ್ರೆ ಕಲಿಯೋ ಡಾಕ್ಟರ್‌ಗಳು ಗಡಿಬಿಡಿ ಇಲ್ದೆ ಪೂರ್ತಿ ಕೇಳಿಸ್ಕೊಳ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಬಡ ರೋಗಿಗಳಿಗೆ ರಿಯಾಯಿತಿ ಮಾಡಿಸೋಕೆ ಸಮಾಜ ಸೇವಾ ವಿಭಾಗ ಅಂತ ಇರುತ್ತೆ, ಬಿಲ್ ಆದ್ಮೇಲೆ ಅಲ್ಲ, ಟೆಸ್ಟ್ ಮಾಡಿಸೋಕೆ ಮುಂಚೆನೇ ಅಲ್ಲಿಗೆ ಹೋಗಿ. ನೋಟ್‌ಬುಕ್ಕಿನ ಸಾರ ಅರ್ಧ ಪುಟದಲ್ಲಿ ಬರ್ಕೊಂಡು ಹೋಗಿ ಕೊಡಿ. ದುಡ್ಡಿನ ವಿಷಯ ಕೂತ ತಕ್ಷಣ ಹೇಳಿಬಿಡಿ, "ಡಾಕ್ಟ್ರೇ, ನನ್ನ ಹತ್ರ ಇಷ್ಟೇ ಇರೋದು, ಇದ್ರಲ್ಲಿ ಯಾವ ಟೆಸ್ಟ್ ಮೊದ್ಲು ಮಾಡಿಸ್ಲಿ" ಅಂತ. ನಾನು ಮೊದಲನೇ ಸಲ ಮಾನ ಹೋಗುತ್ತೆ ಅಂತ ಬಾಯಿ ಬಿಡ್ಲಿಲ್ಲ, ಬರೆದುಕೊಟ್ಟಿದ್ದೆಲ್ಲಾ ಹಂಗೇ ಉಳೀತು. ಎರಡನೇ ಸಲ ಹೇಳಿದ್ದಕ್ಕೆ ಅವರೇ ನಾಲ್ಕು ಹೊಡೆದು ಹಾಕಿ ಎರಡು ಉಳಿಸಿದ್ರು. ಇನ್ನೊಂದು ಪ್ರಶ್ನೆ: "ಈ ಟೆಸ್ಟ್ ರಿಸಲ್ಟ್ ಹೆಂಗೆ ಬಂದ್ರೂ ಔಷಧಿ ಅದೇನಾ?" ಅದೇ ಅಂದ್ರೆ ಸದ್ಯಕ್ಕೆ ಆ ಟೆಸ್ಟ್ ಕಾಯಬಹುದು. ಸಾಮಾನ್ಯವಾಗಿ ರಕ್ತದ ಕಣಗಳ ಲೆಕ್ಕ, ಮೂತ್ರ ಪರೀಕ್ಷೆ, ಸಾಧ್ಯತೆ ಇರೋರಿಗೆ ಪ್ರೆಗ್ನೆನ್ಸಿ ಟೆಸ್ಟ್, ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ನೋಡೋದು, ಇಷ್ಟು ಅಗ್ಗದವು ಮೊದ್ಲು. ಸಿಟಿ ಸ್ಕ್ಯಾನಿಗಿಂತ ಅಲ್ಟ್ರಾಸೌಂಡ್ ಅಗ್ಗ, ವಿಕಿರಣವೂ ಇಲ್ಲ, ಪಿತ್ತಕೋಶದ ಕಲ್ಲಿಗಂತೂ ಅದೇ ಒಳ್ಳೇದು. ಔಷಧಿ ಕಂಪನಿ ಹೆಸರಲ್ಲಿ ಬರೆಯೋ ಬದಲು ಜೆನೆರಿಕ್ ಹೆಸರಲ್ಲಿ (ಔಷಧಿಯ ಮೂಲ ಹೆಸರಲ್ಲಿ) ಬರ್ಕೊಡಿ ಅನ್ನಿ.

ಪ್ರತಿ ರಿಪೋರ್ಟೂ ಒಂದೇ ಫೈಲಲ್ಲಿ ಇಡಿ, ಫೋನಲ್ಲಿ ಫೋಟೋನೂ ತೆಗೆದಿಟ್ಕೊಳ್ಳಿ, ಇಲ್ಲಾಂದ್ರೆ ಹೊಸ ಡಾಕ್ಟರ್ ಅದೇ ಟೆಸ್ಟ್ ಮತ್ತೆ ಬರೀತಾರೆ. ಎಲ್ಲಾ ನಾರ್ಮಲ್ ಅಂತ ಬಂದ್ರೆ ಎದ್ದು ಬರೋಕೆ ಮುಂಚೆ "ಯಾವ ಲಕ್ಷಣ ಕಂಡ್ರೆ ವಾಪಸ್ ಬರ್ಲಿ, ಎಷ್ಟು ದಿನ ನೋಡ್ಲಿ" ಅಂತ ಕೇಳಿ ಅದನ್ನೂ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ನೋವಿನ ರೀತಿ ಬದಲಾದ್ರೆ, ತೂಕ ಇಳಿಯೋಕೆ ಶುರುವಾದ್ರೆ, ಆರು ತಿಂಗಳ ಹಿಂದಿನ ನಾರ್ಮಲ್ ರಿಪೋರ್ಟ್ ನಂಬ್ಕೊಂಡು ಕೂರಬೇಡಿ, ಅದೇ ಫೈಲ್ ತಗೊಂಡು ಮತ್ತೆ ಹೋಗಿ.