ಮಾಂತ್ರಿಕರಿರುವ ಮುತ್ತಿಗೆಯನ್ನು ಆಡಿಸುವ ಬಗೆ

ಮಧ್ಯಯುಗದ ಯುರೋಪಿನಲ್ಲಿ ನಡೆಯುವ ರೋಲ್‌ಪ್ಲೇಯಿಂಗ್ ಆಟದಲ್ಲಿ (ಆಟಗಾರರು ಒಂದೊಂದು ಪಾತ್ರ ವಹಿಸಿ, ಫಲಿತಾಂಶಕ್ಕೆ ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ) ಮುತ್ತಿಗೆಯ ಪ್ರಸಂಗ ಬಂದೊಡನೆ, ಗೋಡೆಯನ್ನು ಒಂದೇ ಮಂತ್ರದಿಂದ ಉರುಳಿಸಬಹುದೇ ಎಂದು ಮಾಂತ್ರಿಕರ ಪಾತ್ರ ವಹಿಸಿದವರು ಕೇಳಿಯೇ ಕೇಳುತ್ತಾರೆ. ಆಟವನ್ನು ನಡೆಸಿಕೊಡುವ ಗೇಮ್ ಮಾಸ್ಟರ್ ಆದವರು ಧೈರ್ಯವಾಗಿ ಹೌದೆನ್ನಬಹುದು, ಏಕೆಂದರೆ ಗೋಡೆ ಬಿದ್ದ ಮಾತ್ರಕ್ಕೆ ಕೋಟೆ ಬೀಳುವುದಿಲ್ಲ. 1215ರಲ್ಲಿ ಇಂಗ್ಲೆಂಡಿನ ದೊರೆ ಜಾನ್ ರಾಚೆಸ್ಟರ್ ಕೋಟೆಯ ನಡುಗೋಪುರದ ಅಡಿಗೆ ಸುರಂಗ ತೋಡಿಸಿ, ಅದಕ್ಕೆ ಊರೆಯಾಗಿದ್ದ ಮರದ ಕಂಬಗಳಿಗೆ 40 ಹಂದಿಗಳ ಕೊಬ್ಬಿನಿಂದ ಬೆಂಕಿ ಹಚ್ಚಿಸಿದಾಗ ಗೋಪುರದ ಒಂದು ಮೂಲೆಯೇ ಕುಸಿಯಿತು. ಆದರೂ ಒಳಗಿದ್ದವರು ಗೋಪುರದ ಅಡ್ಡಗೋಡೆಯ ಹಿಂದಕ್ಕೆ ಸರಿದು ಕಾದಾಡಿದರು. ಸುಮಾರು ಏಳು ವಾರಗಳ ಆ ಮುತ್ತಿಗೆಯಲ್ಲಿ ಅವರನ್ನು ಕೊನೆಗೆ ಮಣಿಸಿದ್ದು ಹಸಿವು.

ಆದ್ದರಿಂದ ಮುತ್ತಿಗೆಯನ್ನು ಗೋಡೆಯ ಬಲದಿಂದಲ್ಲ, ದಿನಗಳ ಲೆಕ್ಕದಿಂದ ಆಡಿಸಬೇಕು. ಒಂದು ವಾರವನ್ನು ಒಂದು ಸುತ್ತು ಎಂದು ಇಟ್ಟುಕೊಂಡು, ಎರಡೂ ಪಕ್ಷಗಳ ಧಾನ್ಯ, ನೀರು, ಹಣ, ಆರೋಗ್ಯ ಮತ್ತು ಸೈನಿಕರ ಹುಮ್ಮಸ್ಸು ಎಷ್ಟೆಷ್ಟು ಉಳಿದಿವೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮುತ್ತಿದವರ ಸ್ಥಿತಿಯೂ ಸುಖಕರವಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. ಜಹಗೀರಿಗೆ ಪ್ರತಿಯಾಗಿ ನೈಟ್‌ಗಳು, ಅಂದರೆ ಕುದುರೆ ಸವಾರ ಯೋಧರು, ಸಲ್ಲಿಸಬೇಕಾದ ಸೇವೆ ಹಲವೆಡೆ ವಾಡಿಕೆಯಂತೆ 40 ದಿನಗಳಿಗೆ ಮುಗಿಯುತ್ತಿತ್ತು. ಅನಂತರ ಅವರನ್ನು ಉಳಿಸಿಕೊಳ್ಳಲು ಹಣ ಬೇಕು. ಪಾಳೆಯದಲ್ಲಿ ಭೇದಿ ಹರಡಿತೆಂದರೆ ಹೊರಗಿನವರು ಒಳಗಿನವರಿಗಿಂತ ಮೊದಲೇ ಸೋಲಬಹುದು.

ಈ ಹಾಳೆ ಸಿದ್ಧವಾದ ಮೇಲೆ ಪ್ರತಿ ಮಂತ್ರವನ್ನೂ ಅದರ ಒಂದು ಸಾಲಿನ ಮೇಲೆ ಆಗುವ ಪರಿಣಾಮವೆಂದು ತೀರ್ಮಾನಿಸಿ. ಬಾವಿಯನ್ನು ಶುದ್ಧಗೊಳಿಸುವ ಸಾಧಾರಣ ಮಂತ್ರವು ಸಿಡಿಲು ಬರಿಸುವ ಮಂತ್ರಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗುತ್ತದೆ, ಮತ್ತು ಹಾಗಾದಾಗಲೇ ಆಟ ರಂಗೇರುತ್ತದೆ ಎಂಬುದು ನನ್ನ ಅಭಿಪ್ರಾಯ. ಒಳಗೂ ಹೊರಗೂ ಮಾಂತ್ರಿಕರಿದ್ದರೆ ಒಬ್ಬರ ವಿದ್ಯೆಗೆ ಇನ್ನೊಬ್ಬರ ಬಳಿ ಉತ್ತರವಿರಲಿ, ಆದರೆ ಪೂರ್ಣ ರಕ್ಷಣೆ ಯಾರಿಗೂ ಬೇಡ. ಸುರಂಗ ತೋಡುವುದನ್ನು ಪತ್ತೆಹಚ್ಚಲು ಕೋಟೆಯವರು ನೆಲದ ಮೇಲೆ ನೀರು ತುಂಬಿದ ಪಾತ್ರೆಗಳನ್ನಿಟ್ಟು ಅಲೆ ಏಳುವುದೇ ಎಂದು ನೋಡುತ್ತಿದ್ದರು. ನೆಲದೊಡನೆ ಮಾತನಾಡಬಲ್ಲ ಮಾಂತ್ರಿಕನಿಗೆ ಆ ಪಾತ್ರೆಗಳು ಬೇಕಿಲ್ಲ, ಆದರೆ ಅವನು ನಿದ್ರೆ ಮಾಡಬೇಕಲ್ಲ. ಮಾಂತ್ರಿಕನ ದಣಿವನ್ನೂ ಧಾನ್ಯದಂತೆಯೇ ಅಳೆಯಿರಿ.

ಸೇನಾನಾಯಕನನ್ನೇ ಗುರಿಯಾಗಿಸುವ ಯೋಜನೆ ಖಂಡಿತ ಬರುತ್ತದೆ. ಅದನ್ನು ನಿಯಮದಿಂದ ತಡೆಯಬೇಡಿ. 1218ರಲ್ಲಿ ಫ್ರಾನ್ಸಿನ ಟುಲೂಸ್ ನಗರದ ಮುಂದೆ, ಅದನ್ನು ಮುತ್ತಿದ್ದ ಸೇನಾನಾಯಕ ಸಿಮೊನ್ ದ ಮೊಂಫೋರ್ ನಗರದ ಒಳಗಿನಿಂದ ಯಂತ್ರವೊಂದು ಎಸೆದ ಕಲ್ಲಿಗೆ ಸಿಕ್ಕಿ ಸತ್ತ ಒಂದು ತಿಂಗಳಲ್ಲಿ ಮುತ್ತಿಗೆ ತೆಗೆಯಬೇಕಾಯಿತು. ಕಲ್ಲು ಮಾಡಿದ್ದನ್ನು ಮಂತ್ರವೂ ಮಾಡಬಹುದು. ಆದರೆ ಕಲ್ಲಿನ ಮೇಲೆ ಯಾರೂ ವಿಚಾರಣೆ ನಡೆಸುವುದಿಲ್ಲ, ಮಾಂತ್ರಿಕನ ಮೇಲೆ ಬಿಷಪ್ ನಡೆಸಬಹುದು. ಮಂತ್ರದಿಂದ ಗೆದ್ದ ಕೋಟೆಯನ್ನು ಚರ್ಚ್ ಮತ್ತು ನೆರೆಯ ಪ್ರಭುಗಳು ಹೇಗೆ ಕಾಣುತ್ತಾರೆ ಎಂಬುದನ್ನು ಆಟ ಆರಂಭಿಸುವ ಮೊದಲೇ ನಿರ್ಧರಿಸಿ ಆಟಗಾರರಿಗೆ ತಿಳಿಸಿಬಿಡಿ. ನಡುವೆ ಹೇಳಿದರೆ ಮೋಸದಂತೆ ಕಾಣುತ್ತದೆ.

ಲಗ್ಗೆಯ ದೃಶ್ಯಕ್ಕಿಂತ ಆಯ್ಕೆಯ ದೃಶ್ಯಕ್ಕೆ ಹೆಚ್ಚು ಸಮಯ ಕೊಡಿ. ಫ್ರಾನ್ಸಿನ ದೊರೆ ಎರಡನೆಯ ಫಿಲಿಪ್ 1203–04ರಲ್ಲಿ ಶಾಟೊ ಗಾಯಾರ್ ಕೋಟೆಯನ್ನು ಮುತ್ತಿದಾಗ, ಆಹಾರ ಉಳಿಸಲೆಂದು ಕೋಟೆಪಾಲಕನು ಆಶ್ರಯ ಪಡೆದಿದ್ದ ಜನಸಾಮಾನ್ಯರನ್ನು ಹೊರಗಟ್ಟಿದ. ಮೊದಲು ಬಂದವರನ್ನು ಫ್ರೆಂಚರು ಹೋಗಗೊಟ್ಟರು, ಆಮೇಲೆ ಬಂದವರನ್ನು ತಡೆದರು. ಗೋಡೆಗೂ ಪಾಳೆಯಕ್ಕೂ ನಡುವೆ ಸಿಕ್ಕಿಕೊಂಡ ಅವರಲ್ಲಿ ಅನೇಕರು ಚಳಿಗಾಲದಲ್ಲಿ ಹಸಿವಿನಿಂದ ಸತ್ತರು. ಇಂಥ ಸಂದರ್ಭದಲ್ಲಿ ಆಹಾರ ಸೃಷ್ಟಿಸಬಲ್ಲ ಮಾಂತ್ರಿಕನೊಬ್ಬನನ್ನು ನಿಲ್ಲಿಸಿ ನೋಡಿ. ಅವನು ಆ ಜನರನ್ನು ಉಣಿಸಿದರೆ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತಾನೆ, ಉಣಿಸದಿದ್ದರೆ ರಾತ್ರಿಯೆಲ್ಲ ಅವರ ಅಳುವನ್ನು ಕೇಳುತ್ತಾನೆ. ಇಲ್ಲಿ ದಾಳ ಉರುಳಿಸಬೇಕಾಗಿಲ್ಲ.

ಯಂತ್ರಗಳ ವಿವರದಲ್ಲಿ ಮುಳುಗಬೇಡಿ. ಕವಣೆಯಂತ್ರವು ವಾರಕ್ಕೆ ಇಷ್ಟು ಗೋಡೆಯನ್ನು ಸವೆಸುತ್ತದೆ ಎಂಬ ಒಂದೇ ಅಂಕಿ ಸಾಕು.

ಮುಕ್ತಾಯಕ್ಕೆ ರಕ್ತಪಾತವೇ ಬೇಕೆಂದಿಲ್ಲ. ಇಂಥ ದಿನದೊಳಗೆ ನೆರವು ಬಾರದಿದ್ದರೆ ಶರಣಾಗುತ್ತೇವೆ ಎಂಬ ಕರಾರು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಸ್ಕಾಟ್ಲೆಂಡಿನಲ್ಲಿ ಇಂಗ್ಲಿಷರ ವಶದಲ್ಲಿದ್ದ, ಸ್ಕಾಟರು ಮುತ್ತಿದ್ದ ಸ್ಟರ್ಲಿಂಗ್ ಕೋಟೆಯ ಪಾಲಕನು 1314ರ ಜೂನ್ 24ನ್ನು ಅಂಥ ಗಡುವಾಗಿ ಒಪ್ಪಿಕೊಂಡಿದ್ದರಿಂದಲೇ ಇಂಗ್ಲಿಷ್ ಸೇನೆ ಅತ್ತ ಧಾವಿಸಿ ಬ್ಯಾನಕ್‌ಬರ್ನ್ ಕದನ ನಡೆಯಿತು. ನಿಮ್ಮ ಆಟದಲ್ಲಿಯೂ ಇಂಥ ಗಡುವನ್ನು ಇಟ್ಟುಬಿಟ್ಟರೆ ಮಾಂತ್ರಿಕರು ಗೋಡೆಯನ್ನು ಬಿಟ್ಟು ದಾರಿಯ ಕಡೆಗೆ ನೋಡತೊಡಗುತ್ತಾರೆ: ನೆರವಿನ ಸೇನೆ ದಾಟಬೇಕಾದ ಹೊಳೆಗೆ ನೆರೆ ತರಿಸುವುದೇ, ಮಂಜು ಕವಿಸುವುದೇ, ಸುಳ್ಳು ದೂತನನ್ನು ಕಳಿಸುವುದೇ ಎಂದು ಅವರು ಚರ್ಚಿಸುತ್ತಿರುವಾಗ ನೀವು ಹಾಳೆಯಲ್ಲಿ ಇನ್ನೊಂದು ವಾರದ ಧಾನ್ಯವನ್ನು ಸದ್ದಿಲ್ಲದೆ ಹೊಡೆದುಹಾಕಿ.